ಒಣ ಉಪ್ಪಿಗೆ ಬೇರೆ ರೇಟು

ಉಪ್ಪು ಅಂದ ಕೂಡಲೇ ನಮಗೆ ನೆನಪಾಗೋದು ಊಟದ ಎಲೆಯ ತುದಿ. ಆದರೆ ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವ ಸುಮಾರು 27-28 ಕೋಟಿ ಟನ್ ಉಪ್ಪಿನಲ್ಲಿ ಅಡುಗೆಮನೆಗೆ ಬರುವುದು ಸಣ್ಣ ಪಾಲು. ದೊಡ್ಡ ಪಾಲು ಹೋಗೋದು ಕಾರ್ಖಾನೆಗಳಿಗೆ. ನಿಮ್ಮ ಬಾತ್‌ರೂಮಿನ ಪಿವಿಸಿ ಪೈಪಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್, ಆ ಕ್ಲೋರಿನ್ ಬರೋದು ಉಪ್ಪಿನಿಂದ. ಸೋಪಿಗೆ, ಕಾಗದಕ್ಕೆ ಬೇಕಾದ ಕಾಸ್ಟಿಕ್ ಸೋಡಾ ಕೂಡ ಅಷ್ಟೇ. ಒಂದು ಟನ್ ಕಾಸ್ಟಿಕ್ ಸೋಡಾಕ್ಕೆ ಸುಮಾರು ಒಂದೂವರೆ ಟನ್ ಉಪ್ಪು ಬೇಕು.

ಈ ಲೋಕದ ಪರಿಚಯ ನನಗಾಗಿದ್ದು ಅಪಾರ್ಟ್‌ಮೆಂಟ್ ಸಮಿತಿಯ ಪುಣ್ಯದಿಂದ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಗೊತ್ತಲ್ಲ, ನಲ್ಲಿಯ ಮೇಲೆಲ್ಲ ಬಿಳಿ ಕಲೆ. ಅದನ್ನು ಮೃದು ಮಾಡುವ ಸಾಫ್ಟನರ್‌ಗೆ ಆಗಾಗ ಉಪ್ಪುನೀರು ಕುಡಿಸಬೇಕು. ಕೊಟೇಶನ್ ತರಿಸಿದರೆ ಎರಡು ರೇಟು ಬಂತು: ಒಂದು ಮಾಮೂಲಿ ಉಪ್ಪು, ಇನ್ನೊಂದು 'ಡ್ರೈ'. ಸಮಿತಿಯ ಹಿರಿಯರೊಬ್ಬರು, "ಹೇಗೂ ನೀರಿಗೇ ಹಾಕೋದು, ಒಣಗಿದ್ದು ಯಾಕ್ರೀ?" ಅಂದರು. ನ್ಯಾಯವಾದ ಪ್ರಶ್ನೆ. ಈ ವ್ಯಾಪಾರದ ಅರ್ಧ ಗುಟ್ಟು ಅದರಲ್ಲೇ ಇದೆ.

ಶುದ್ಧ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದರೆ ಮಾತ್ರ ನೀರು ಹೀರುತ್ತೆ. ಆದರೆ ಅದರ ಜೊತೆ ಸಮುದ್ರದಿಂದಲೇ ಬರುವ ಮೆಗ್ನೀಸಿಯಂ ಕ್ಲೋರೈಡ್ ಇದೆಯಲ್ಲ, ಅದಕ್ಕೆ ಶೇ 33ರಷ್ಟಿದ್ದರೂ ಸಾಕು. ಡಬ್ಬಿಯ ಕಲ್ಲುಪ್ಪು ಮಳೆಗಾಲದಲ್ಲಿ 'ನೀರು ಬಿಡೋದು' ಮುಖ್ಯವಾಗಿ ಈ ಪುಣ್ಯಾತ್ಮನಿಂದ. ಅದನ್ನು ತೆಗೆಯಲು ಉಪ್ಪನ್ನು ಪುಡಿ ಮಾಡಿ ತೊಳೆಯುತ್ತಾರೆ. ಸಿಹಿನೀರಿನಲ್ಲಿ ತೊಳೆದರೆ ಉಪ್ಪೇ ಕರಗಿ ಹೋಗುತ್ತೆ, ಹಾಗಾಗಿ ಇನ್ನು ಒಂದು ಹರಳೂ ಕರಗದಷ್ಟು ಗಾಢವಾದ ಉಪ್ಪುನೀರಿನಲ್ಲೇ ತೊಳೆಯೋದು! ಆಮೇಲೆ ಗಿರಗಿರನೆ ತಿರುಗಿಸಿ ನೀರು ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಆ ಬಿಸಿಗಾಳಿಗೆ ಇಂಧನ ಬೇಕು. ರೇಟು ಏರೋದು ಅಲ್ಲಿ.

ಹಾಗಂತ ಎಲ್ಲರಿಗೂ ಒಣ ಉಪ್ಪು ಬೇಕಿಲ್ಲ. ಕಾಸ್ಟಿಕ್ ಸೋಡಾ ಕಾರ್ಖಾನೆಯವರು ಹೇಗೂ ಕರಗಿಸುತ್ತಾರೆ. ಅವರ ಚಿಂತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನೋದು, ಯಾಕೆಂದರೆ ಅವು ಅವರ ದುಬಾರಿ ಪೊರೆಗಳನ್ನು ಹಾಳು ಮಾಡುತ್ತವೆ. ಡಿಟರ್ಜೆಂಟ್ ಪುಡಿಗೆ, ಪಶು ಆಹಾರಕ್ಕೆ ಬೆರೆಸುವವರಿಗೆ ಮಾತ್ರ ಒಣಗಿರಲೇಬೇಕು, ಇಲ್ಲದಿದ್ದರೆ ಇಡೀ ಮಾಲು ಗಂಟು ಕಟ್ಟುತ್ತೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪು ಒದ್ದೆಯಿದ್ದರೆ ರಾಶಿಯೇ ಹೆಪ್ಪುಗಟ್ಟಿ ಬಂಡೆಯಾಗುತ್ತೆ. ಅಮೆರಿಕದಲ್ಲಿ ಉಪ್ಪಿನ ಅತಿ ದೊಡ್ಡ ಬಳಕೆಯೇ ರಸ್ತೆ ಅಂದರೆ ನಂಬ್ತೀರಾ?

ಇಷ್ಟು ಅಗ್ಗದ ಸರಕಿನಲ್ಲಿ ದುಬಾರಿಯಾದದ್ದು ದೂರ. ಐವತ್ತು ಸಾವಿರ ಟನ್ ಹೊತ್ತ ಹಡಗಿನ ಉಪ್ಪಿನಲ್ಲಿ ಶೇ 3 ತೇವವಿದ್ದರೆ, 1,500 ಟನ್ ನೀರಿಗೆ ಬಾಡಿಗೆ ಕೊಟ್ಟ ಹಾಗಾಯಿತು. ಅದಕ್ಕೇ ದೊಡ್ಡ ಉಪ್ಪಿನ ಊರುಗಳೆಲ್ಲ ಮಳೆ ಕಡಿಮೆ, ಬಿಸಿಲು ಜಾಸ್ತಿ, ಪಕ್ಕದಲ್ಲೇ ಕಡಲು ಇರುವ ಕಡೆ ಹುಟ್ಟಿದ್ದು: ಪಶ್ಚಿಮ ಆಸ್ಟ್ರೇಲಿಯಾದ ಡ್ಯಾಂಪಿಯರ್, ಮೆಕ್ಸಿಕೊದ ಗೆರೆರೊ ನೆಗ್ರೊ. ಗೆರೆರೊ ನೆಗ್ರೊದ ಕಡಲು ಆಳವಿಲ್ಲ. ಉಪ್ಪನ್ನು ಬಾರ್ಜ್‌ಗಳಲ್ಲಿ ಸೆಡ್ರೋಸ್ ದ್ವೀಪಕ್ಕೆ ಸಾಗಿಸಿ, ಅಲ್ಲಿ ದೊಡ್ಡ ಹಡಗಿಗೆ ತುಂಬುತ್ತಾರೆ. ಸುತ್ತಲೂ ಸಮುದ್ರವೇ ಇರುವ ಜಪಾನ್ ತನ್ನ ಕಾರ್ಖಾನೆಗಳ ಉಪ್ಪನ್ನು ಬಹುಪಾಲು ಈ ಎರಡು ದೇಶಗಳಿಂದ ತರಿಸುತ್ತೆ. ಅಲ್ಲಿ ಮಳೆ ಹೆಚ್ಚು, ಸಮತಟ್ಟಾದ ಜಾಗ ಕಡಿಮೆ.

ನಮ್ಮ ಕರಾವಳಿಯ ಕಥೆಯೂ ಹೆಚ್ಚುಕಡಿಮೆ ಇದೇ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ, ಆದರೆ ಆ ಪರಿ ಮಳೆ ಸುರಿಯುವ ಉತ್ತರ ಕನ್ನಡದಲ್ಲಿ ಬಿಸಿಲಿನ ಕಾಲ ಎಷ್ಟು ದಿನ? ಭಾರತದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗುಜರಾತಿನದು, ನಂತರದ ಸ್ಥಾನ ತಮಿಳುನಾಡಿನದು. ಚೀನಾ, ಅಮೆರಿಕ ಬಿಟ್ಟರೆ ಜಗತ್ತಿನಲ್ಲಿ ಮೂರನೆಯವರು ನಾವು. ನಮ್ಮ ರಫ್ತಿನ ಉಪ್ಪನ್ನು ಅತಿ ಹೆಚ್ಚು ಕೊಳ್ಳೋದು ಚೀನಾ.

ನಮ್ಮ ಸಮಿತಿ ಕೊನೆಗೆ ಏನು ಮಾಡಿತು? ಎರಡೂ ಮೂಟೆಯಿಂದ ಒಂದೊಂದು ಕಿಲೋ ತೂಗಿ, ಬಾಣಲೆಯಲ್ಲಿ ಹದವಾಗಿ ಹುರಿದು ಮತ್ತೆ ತೂಗಿದೆವು. ಮಾಮೂಲಿ ಉಪ್ಪು 40 ಗ್ರಾಂ ಇಳಿದಿತ್ತು. ಅಂದರೆ 50 ಕಿಲೋ ಮೂಟೆಯಲ್ಲಿ 2 ಕಿಲೋ ನೀರು. ಲೆಕ್ಕ ಹಾಕಿದರೆ ಆ ನೀರಿನ ಬೆಲೆ ಕಳೆದ ಮೇಲೂ ಮಾಮೂಲಿಯದೇ ಅಗ್ಗ, ಹಿರಿಯರು ಗೆದ್ದರು. ನಾವು ಹಾಕಿಸಿದ್ದು ಒಂದೇ ಷರತ್ತು: ಮಣ್ಣು, ಕಸ ಇರಬಾರದು.

ಆ ಲೆಕ್ಕದ ಹಾಳೆಯಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಅಂಕಿ. ಕಛ್‌ನ ಚಿಕ್ಕ ರಣದಲ್ಲಿ ಉಪ್ಪು ಬೆಳೆಯುವವರನ್ನು ಅಗರಿಯಾ ಅಂತಾರೆ. ಸಾಣಿಕಟ್ಟಾದವರು ಆಗರ ಅನ್ನುತ್ತಾರಲ್ಲ, ಅದೇ ಆಗರ. ಮಳೆ ಮುಗಿದ ಮೇಲೆ ಸಂಸಾರ ಸಮೇತ ಮರುಭೂಮಿಗೆ ಹೋಗಿ, ಬಾವಿ ತೋಡಿ, ನೆಲದಡಿಯ ಉಪ್ಪುನೀರು ಎತ್ತಿ, ಬೇಸಿಗೆವರೆಗೆ ಅಲ್ಲೇ ಇರುತ್ತಾರೆ. ಸೀಸನ್ ಶುರುವಾಗುವ ಮೊದಲೇ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡಿರುತ್ತಾರೆ, ಹಾಗಾಗಿ ಬೆಲೆ ಹೇಳುವವನು ಅವನೇ. ಕಿಲೋಗೆ ಸಿಗೋದು ಒಂದು ರೂಪಾಯಿಗೂ ಕಡಿಮೆ. ತೊಳೆಯೋದು, ಒಣಗಿಸೋದು, ಚೀಲ ತುಂಬೋದು, ಅಂದರೆ ಬೆಲೆ ಏರುವ ಕೆಲಸವೆಲ್ಲ ಉಪ್ಪು ಅವರ ಕೈಬಿಟ್ಟ ಮೇಲೆ ನಡೆಯುತ್ತೆ. ಅವರ ಖರ್ಚಿನಲ್ಲಿ ದೊಡ್ಡದು ಪಂಪಿನ ಡೀಸೆಲ್. ಈಚಿನ ವರ್ಷಗಳಲ್ಲಿ ಸಬ್ಸಿಡಿಯ ಸೋಲಾರ್ ಪಂಪ್ ಬಂದು ಹಲವರ ಹೊರೆ ಇಳಿದಿದೆ. ನನ್ನ ಪ್ರಕಾರ ಈ ಕಥೆಯಲ್ಲಿ ನಿಜವಾದ ಲಾಭದ ಸುದ್ದಿ ಅದೊಂದೇ.

ನಮ್ಮ ಮೂಟೆ ಬರೋದು ತೂತುಕುಡಿಯಿಂದ. ಅಲ್ಲಿ ಆಗರದಲ್ಲಿ ಉಪ್ಪು ಹೊರುವವರಲ್ಲಿ ಹೆಂಗಸರೇ ತುಂಬ ಜನ, ದಿನಗೂಲಿ. ಅಕ್ಟೋಬರ್‌ನಲ್ಲಿ ಹಿಂಗಾರು ಹಿಡಿದರೆ ಕೆಲಸ ಬಂದ್. ಆ ಖಾಲಿ ತಿಂಗಳುಗಳಿಗೆ ತಮಿಳುನಾಡು ಸರ್ಕಾರ ಈಗ ಪರಿಹಾರ ಕೊಡುತ್ತದೆ. 5,000 ರೂಪಾಯಿ, ವರ್ಷಕ್ಕೊಮ್ಮೆ.