ಹಾಲಿಗೆ ಸಿಕ್ಕ ಹಾದಿ ಬೆಲ್ಲಕ್ಕೂ ಸಿಗಲಿ

ಒಕ್ಕಲುತನ ನಮ್ಮ ಅನೇಕ ಮನೆತನಗಳ ಬೇರು. ಮಕ್ಕಳು ಓದಿ ಪಟ್ಟಣ ಸೇರಿದ್ದರೂ ಊರಿನಲ್ಲಿ ಎಕರೆ, ಎರಡೆಕರೆ ಉಳಿಸಿಕೊಂಡು ದುಡಿಯುವ ಹಿರಿಯರು ಇಂದಿಗೂ ಇದ್ದಾರೆ. ಅವರು ಬೆಳೆದದ್ದು ನಗರದ ಅಂಗಡಿಯನ್ನು ತಲುಪುವಷ್ಟರಲ್ಲಿ ಬೆಲೆ ಏರಿರುತ್ತದೆ. ಆ ಏರಿಕೆಯಲ್ಲಿ ಅವರ ಪಾಲು ಮಾತ್ರ ಅತ್ಯಲ್ಪ. ಇದಕ್ಕೆ ದಾರಿಯಿಲ್ಲವೇ ಎಂಬುದನ್ನು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ನಾಗಮಂಗಲದ ಬಹುಭಾಗ ಮಳೆಯನ್ನೇ ನೆಚ್ಚಿದ ನೆಲ. ರಾಗಿ, ಹುರುಳಿ, ತೆಂಗು ಅಲ್ಲಿನ ಬದುಕು. ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ಹಿಡಿದೆತ್ತುವುದು ಕೊಟ್ಟಿಗೆಯ ಹಸು. ಒಂದೇ ಹಸು ಸಾಕಿದ ತಾಯಿಯೂ ಬೆಳಿಗ್ಗೆ, ಸಂಜೆ ಊರಿನ ಡೈರಿಗೆ ಹಾಲು ಹಾಕುತ್ತಾಳೆ. ಅವಳ ಕಣ್ಣೆದುರೇ ಅಳತೆ ನಡೆಯುತ್ತದೆ, ಜಿಡ್ಡಿನ ಪರೀಕ್ಷೆಯಾಗುತ್ತದೆ, ಲೆಕ್ಕ ದಾಖಲಾಗುತ್ತದೆ. ಆ ಹಾಲು ಗೆಜ್ಜಲಗೆರೆಗೆ ಹೋಗಿ ‘ನಂದಿನಿ’ ಪೊಟ್ಟಣವಾಗಿ ಪಟ್ಟಣದ ಮನೆಬಾಗಿಲು ಸೇರುತ್ತದೆ. ಆಕೆ ಯಾವ ವ್ಯಾಪಾರಿಯ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಈ ಭಾಗ್ಯ ಬೆಲ್ಲಕ್ಕೆ ಒದಗಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಬ್ಬು ನಳನಳಿಸಿತು. ಹೇಮಾವತಿಯ ನೀರು ಮುಟ್ಟಿದ ಕೃಷ್ಣರಾಜಪೇಟೆಯ ಭಾಗಗಳಲ್ಲೂ ಕಬ್ಬಿದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ ಬಂದಿತು. ಅದು ಸಂಕಷ್ಟಕ್ಕೆ ಸಿಲುಕಿ, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಯಾಯಿತು. ಕಾರ್ಖಾನೆ ನಿಂತಾಗ, ಕಟಾವು ತಡವಾದಾಗ ಸಣ್ಣ ರೈತನಿಗೆ ಆಸರೆ ಆಲೆಮನೆ.

ಹತ್ತು ಟನ್ ಕಬ್ಬು ಅರೆದರೆ ಸುಮಾರು ಒಂದು ಟನ್ ಬೆಲ್ಲ. ಕೊಪ್ಪರಿಗೆಯ ಮುಂದೆ ಬೆಂಕಿಯೊಡನೆ ಸೆಣಸಿ ಇಳಿಸಿದ ಪಾಕ ಕುರಿಕಾಲು ಅಚ್ಚಾಗಿ, ಬಕೆಟ್ ಬೆಲ್ಲವಾಗಿ ಮಂಡಿಗೆ ಬರುತ್ತದೆ. ಅಲ್ಲಿ ಬೆಲೆ ಕಟ್ಟುವುದು ಬಹುಮಟ್ಟಿಗೆ ಬಣ್ಣವನ್ನು ನೋಡಿ. ಹೊಂಬಣ್ಣಕ್ಕೆ ಮನ್ನಣೆ, ಕಂದುಬಣ್ಣಕ್ಕೆ ತಾತ್ಸಾರ. ಆದಕಾರಣವೇ ಪಾಕಕ್ಕೆ ‘ಹೈಡ್ರೋಸ್’ ಎಂಬ ರಾಸಾಯನಿಕ ಬೀಳುವುದು. ಆ ಹೊಳಪಾದರೂ ಶಾಶ್ವತವಲ್ಲ. ದಿನ ಕಳೆದಂತೆ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಬೆಂಡೆಗಿಡದ ಲೋಳೆರಸದಿಂದ ಕೊಳೆ ತೆಗೆದು ಪ್ರಾಮಾಣಿಕವಾಗಿ ಬೆಲ್ಲ ಮಾಡಿದವನು ಮಂಡಿಯಲ್ಲಿ ಸೋಲುತ್ತಾನೆ. ಅಂತಹುದೇ ಕಂದು ಬೆಲ್ಲ ಬೆಂಗಳೂರಿನ ಹವಾನಿಯಂತ್ರಿತ ಮಳಿಗೆಯಲ್ಲಿ ‘ಸಾವಯವ’ ಎಂಬ ಹೆಸರಿನಿಂದ ದುಬಾರಿ ಬೆಲೆಗೆ ಮಾರಾಟವಾಗುತ್ತದೆ! ಎರಡರ ನಡುವೆ ಸೇತುವೆಯಿಲ್ಲ.

ಹಾಲಿಗೆ ಸೇತುವೆ ತಾನಾಗಿ ಬರಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಕಟ್ಟಿದ ಸಹಕಾರ ಸಂಘದ ಮಾದರಿಯನ್ನು 1974ರ ಅನಂತರ ಕರ್ನಾಟಕವೂ ಅನುಸರಿಸಿತು. 1987ರಲ್ಲಿ ಮಂಡ್ಯ ಜಿಲ್ಲೆಗೆ ಪ್ರತ್ಯೇಕ ಹಾಲು ಒಕ್ಕೂಟವಾಯಿತು. ಊರಿನಲ್ಲೇ ಅಳತೆ, ಗುಣಕ್ಕೆ ತಕ್ಕ ಬೆಲೆ, ಎಲ್ಲರದ್ದೂ ಆದ ಒಂದು ಹೆಸರು: ಈ ಮೂರೇ ಅದರ ಗುಟ್ಟು. ಬೆಲ್ಲಕ್ಕೆ ಇಲ್ಲದಿರುವುದೂ ಇವೇ.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2014ರಿಂದ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಜೋಡಿಸಲಾಯಿತು. ಮಂಡ್ಯದ ಸಾವಯವ ರೈತರು 2015ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯಕ್ಕೆ ಆಯ್ಕೆಯಾದದ್ದು ಬೆಲ್ಲವೇ. ಆದರೆ ನಾಲ್ಕು ಕ್ವಿಂಟಲ್ ಬೆಲ್ಲ ಹಿಡಿದು ಬಂದ ಒಂಟಿ ರೈತನನ್ನು ದೊಡ್ಡ ಮಳಿಗೆ ಮಾತನಾಡಿಸುವುದಿಲ್ಲ. ಅದಕ್ಕೆ ಬೇಕಾದದ್ದು ತಿಂಗಳು ತಿಂಗಳೂ ಒಂದೇ ಗುಣಮಟ್ಟದ ಸರಕು, ಪರೀಕ್ಷೆಯ ಪತ್ರ, ಆಹಾರ ಸುರಕ್ಷತಾ ನೋಂದಣಿ. ಇವು ಒಬ್ಬನಿಂದಾಗದ ಕೆಲಸ. ಐವತ್ತು ಮನೆ ಕೂಡಿದರೆ ಆಗುವ ಕೆಲಸ.

ಇಲ್ಲಿ ನಮ್ಮ ಕುಟುಂಬಗಳ ಹೊಣೆಯೂ ಇದೆ. ಲೆಕ್ಕಪತ್ರ ಬಲ್ಲ, ಪಟ್ಟಣದ ವ್ಯವಹಾರ ಅರಿತ ನಮ್ಮ ಯುವಕ ಯುವತಿಯರು ಊರಿನ ಸಂಘದ ದಫ್ತರ ಹಿಡಿಯಲಿ. ಗೃಹಿಣಿಯರು ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ, ಯುಗಾದಿಯ ಹೋಳಿಗೆಗೆ ಬಣ್ಣ ನೋಡದೆ ಗುಣ ಕೇಳಿ ಬೆಲ್ಲ ಕೊಳ್ಳಲಿ. ನಿತ್ಯ ದಾಸೋಹ ನಡೆಸುವ ಮಠಗಳು ಹಾಗೂ ವಿದ್ಯಾರ್ಥಿನಿಲಯಗಳು ವರ್ಷದ ಬೆಲ್ಲವನ್ನು ಇಂತಹ ಸಂಘಗಳಿಂದ ಮುಂಗಡ ಮಾತುಕತೆಯ ಮೇಲೆ ಪಡೆಯುವುದಾದರೆ ರೈತನಿಗೆ ಸ್ಥಿರವಾದ ಗಿರಾಕಿ ದೊರೆತಂತಾಗುತ್ತದೆ. ಸಣ್ಣ ಹಿಡುವಳಿದಾರನ ಕಾಯಕಕ್ಕೆ ತಕ್ಕ ಬೆಲೆ ಸಿಗುವ ಕೆಲಸವನ್ನು ನಮ್ಮ ನಮ್ಮ ಅಡುಗೆಮನೆಗಳಿಂದಲೇ ಆರಂಭಿಸಬಹುದೆಂದು ನಾವು ನಂಬಿದ್ದೇವೆ.