ಮಗ್ಗದ ಊರಿನಿಂದ ಕ್ಯೋಟೋ ನಗರಕ್ಕೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹೇಳಿದ ನಮ್ಮ ಹಿರಿಯರು, ದೇಶ ಸುತ್ತುವವನು ಯಾವ ಕಣ್ಣಿನಿಂದ ನೋಡಬೇಕೆಂಬುದನ್ನು ಅವನ ವಿವೇಚನೆಗೇ ಬಿಟ್ಟರು. ಪ್ರವಾಸದ ಕೈಪಿಡಿಗಳು ಈಗ ಆ ಹೊಣೆಯನ್ನು ತಾವೇ ಹೊತ್ತುಕೊಂಡಿವೆ. ಇಷ್ಟು ದೇವಾಲಯ, ಇಷ್ಟು ಅರಮನೆ, ಇಷ್ಟು ಉದ್ಯಾನವೆಂದು ಎಣಿಸಿಕೊಟ್ಟು, ಎರಡು ದಿನಗಳಲ್ಲಿ ಒಂದು ಮಹಾನಗರವನ್ನು ನೋಡಿ ಮುಗಿಸುವ ಉಪಾಯವನ್ನೂ ಅವು ತಿಳಿಸುತ್ತವೆ. ಇಂತಹ ಎಣಿಕೆಗೆ ಜಪಾನಿನ ಕ್ಯೋಟೋದಷ್ಟು ಸುಲಭವಾಗಿ ಒದಗುವ ಊರು ವಿರಳ. ಆ ನಗರದ ಮತ್ತು ಅದರ ಆಸುಪಾಸಿನ ಹದಿನೇಳು ಪುರಾತನ ಸ್ಥಳಗಳು 1994ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಪಟ್ಟಿಯನ್ನು ಒಪ್ಪಿಸುವುದು ಈ ಲೇಖನದ ಉದ್ದೇಶವಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಿಂದ ಹೊರಟವನೊಬ್ಬನು ಕ್ಯೋಟೋದಲ್ಲಿ ಏನನ್ನು ಕಾಣಬಹುದು ಎಂಬುದಷ್ಟೇ ಇಲ್ಲಿನ ವಿಚಾರ.

ಸಾಸಲಿಗೂ ಜಪಾನಿಗೂ ಎಲ್ಲಿಯ ನಂಟು ಎಂದು ಓದುಗರು ನಗಬಹುದು. ನಂಟು ಉಂಟು, ಅದು ರೇಷ್ಮೆಯ ಎಳೆಯದು. ಈ ತಾಲ್ಲೂಕಿನ ಕಸಬೆಯಾದ ದೊಡ್ಡಬಳ್ಳಾಪುರವು ರೇಷ್ಮೆ ಸೀರೆಗೆ ಹೆಸರಾದ ಮಗ್ಗದ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ತೆರೆದು, ಹುಳು ಸಾಕುವ, ನೂಲು ಬಿಚ್ಚುವ ಜಪಾನೀ ಕ್ರಮವನ್ನು ಕಲಿಸಲು ಆ ದೇಶದಿಂದಲೇ ತಜ್ಞರನ್ನು ಕರೆಸಿದರು. ಬಸವನಗುಡಿಯ ಮಗ್ಗುಲಲ್ಲಿರುವ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿನಲ್ಲಿ ಆ ನೆನಪು ಇನ್ನೂ ಉಳಿದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನನ್ನು ಮೊದಲು ಕಂಡುದು 1898ರಲ್ಲಿ. ಬಹುಕಾಲದ ಮೇಲೆ, 1991ರಿಂದ 2007ರವರೆಗೆ, ಜಪಾನೀ ತಜ್ಞರು ನಮ್ಮ ನಾಡಿನ ರೇಷ್ಮೆ ಸಂಶೋಧಕರೊಡನೆ ಕೂಡಿ ದ್ವಿತಳಿ ರೇಷ್ಮೆಯನ್ನು ಇಲ್ಲಿ ನೆಲೆಗೊಳಿಸಲು ದುಡಿದರು. ನಮ್ಮ ಹಿಪ್ಪುನೇರಳೆಯ ಹೊಲಕ್ಕೆ ಜಪಾನು ಹಾಗೆ ಪರದೇಶವೇನೂ ಅಲ್ಲ.

ಕ್ಯೋಟೋ ಕ್ರಿ. ಶ. 794ರಲ್ಲಿ ರಾಜಧಾನಿಯಾಯಿತು. ಚೀನದ ಚಾಂಗಾನ್ ನಗರದ ಮಾದರಿಯಲ್ಲಿ, ಚದುರಂಗದ ಹಾಸಿನಂತೆ ನೇರ ಬೀದಿಗಳನ್ನು ಎಳೆದು ಅದನ್ನು ಕಟ್ಟಿದರು. ಸಾವಿರ ವರ್ಷಗಳಿಗೂ ಮಿಗಿಲಾಗಿ ಚಕ್ರವರ್ತಿಗಳು ಅಲ್ಲಿ ನೆಲಸಿದರು. ಇಷ್ಟನ್ನು ಓದಿಕೊಂಡು ಹೋದ ನಮ್ಮ ಯಾತ್ರಿಕನು, ನಂದಿಗ್ರಾಮದ ಭೋಗನಂದೀಶ್ವರನ ಗುಡಿಯಂತೆ ಸಾವಿರ ವರ್ಷಗಳಿಂದ ನಿಂತಿರುವ ಕಟ್ಟಡಗಳ ಸಾಲನ್ನೇ ನಿರೀಕ್ಷಿಸಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಅವನಿಗೆ ಎದುರಾಗುವುದು ಮರದ ನಗರ. ಮರವೆಂದ ಮೇಲೆ ಬೆಂಕಿಯ ಭಯ ತಪ್ಪದು. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ನಗರದ ಬಹುಭಾಗ ಬೂದಿಯಾಯಿತು. 1788ರಲ್ಲಿ ಮತ್ತೆ ಉರಿಯಿತು. ಇಂದು ಪ್ರವಾಸಿಯು ತಲೆಯೆತ್ತಿ ನೋಡುವ ಪ್ರಸಿದ್ಧ ಕಟ್ಟಡಗಳಲ್ಲಿ ಅನೇಕವು ಉರಿದು ಮತ್ತೆ ಎದ್ದವುಗಳೇ.

ಕಿಂಕಾಕುಜಿ ಎಂಬ ಚಿನ್ನದ ಮಂಟಪವನ್ನೇ ನೋಡಿ. ಕೊಳದ ಅಂಚಿನಲ್ಲಿ, ಮೇಲಿನ ಎರಡು ಅಂತಸ್ತುಗಳಿಗೆ ಬಂಗಾರದ ರೇಕು ಹೊದೆದು, ನೀರಿನಲ್ಲಿ ತನ್ನ ಬಿಂಬವನ್ನು ತಾನೇ ನೋಡುತ್ತಿರುವಂತೆ ಅದು ನಿಂತಿದೆ. ಅಧಿಪತಿ ಅಶಿಕಾಗ ಯೋಶಿಮಿತ್ಸು ಅದನ್ನು ಕಟ್ಟಿಸತೊಡಗಿದುದು 1397ರಲ್ಲಿ. ನಗರದ ಯುದ್ಧಗಳಿಗೆಲ್ಲ ತಪ್ಪಿಸಿಕೊಂಡ ಆ ಮಂಟಪ 1950ರ ಜುಲೈ ತಿಂಗಳಲ್ಲಿ ಅಲ್ಲಿಯದೇ ಮಠದ ತರುಣ ಭಿಕ್ಷುವೊಬ್ಬನು ಇಟ್ಟ ಕಿಚ್ಚಿಗೆ ಆಹುತಿಯಾಯಿತು. ಈಗ ಕಾಣುವುದು 1955ರಲ್ಲಿ ಮತ್ತೆ ಕಟ್ಟಿದ್ದು. ಇದನ್ನು ತಿಳಿದ ಪ್ರವಾಸಿಗಳಲ್ಲಿ ಕೆಲವರು ಮುಖ ಸಣ್ಣದು ಮಾಡಿಕೊಂಡು, ಇದು ನಕಲು ಎಂದುಕೊಳ್ಳುವುದುಂಟು. ಅದಕ್ಕಿಂತ ಆಚೆಗೆ ಯೋಚಿಸಬೇಕಾದ ಸಂಗತಿಯೊಂದಿದೆ: ಉರಿದುದನ್ನು ಐದೇ ವರ್ಷಗಳಲ್ಲಿ ಹಳೆಯ ಕ್ರಮದಲ್ಲಿಯೇ ಕಟ್ಟಬಲ್ಲ ಬಡಗಿ, ಅರಗಿನ ಕೆಲಸದವನು, ರೇಕು ಹೊದೆಸುವವನು ಆ ನಾಡಿನಲ್ಲಿ ಇನ್ನೂ ಉಳಿದಿದ್ದರು. ಐನೂರೈವತ್ತು ವರ್ಷ ಬಾಳಿದ ವಸ್ತು ಮಂಟಪ ಒಂದೇ ಅಲ್ಲ. ಆ ಕೈಗಳ ವಿದ್ಯೆಯೂ ಹೌದು.

ಸಂಜೂಸಂಗೆಂದೋ ದೇವಾಲಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು ನೂರಿಪ್ಪತ್ತು ಮೀಟರ್ ಉದ್ದದ ಒಂದೇ ಶಾಲೆಯಲ್ಲಿ ಕರುಣೆಯ ದೇವತೆಯಾದ ಕನ್ನೊನ್‌ನ, ಎಂದರೆ ನಮ್ಮ ಅವಲೋಕಿತೇಶ್ವರನ, ಸಾವಿರದ ಒಂದು ಮೂರ್ತಿಗಳು ಸಾಲುಗಟ್ಟಿವೆ. 1249ರ ಬೆಂಕಿಯಲ್ಲಿ ಆ ಸಾವಿರದಲ್ಲಿ ನೂರಿಪ್ಪತ್ತನಾಲ್ಕನ್ನು ಮಾತ್ರ ಹೊರಗೆ ಸಾಗಿಸಲು ಸಾಧ್ಯವಾಯಿತು. ಉಳಿದವನ್ನು ಹೊಸದಾಗಿ ಕಡೆಯಲು ಶಿಲ್ಪಿಗಳು ಕುಳಿತರು. 1266ರಲ್ಲಿ ಶಾಲೆ ಮತ್ತೆ ಎದ್ದಿತು. ನಡುವಿನ ದೊಡ್ಡ ಮೂರ್ತಿಯನ್ನು ತಾಂಕೇ ಎಂಬ ಶಿಲ್ಪಿ ಪೂರೈಸಿದುದು 1254ರಲ್ಲಿ, ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ. ಮೂರ್ತಿಗಳ ಮುಂದೆ ಇಪ್ಪತ್ತೆಂಟು ಪರಿವಾರದೇವತೆಗಳು ನಿಂತಿದ್ದಾರೆ. ಕನ್ನಡಿಗನು ಅಲ್ಲಿ ಬೆರಗಾಗದಿರನು: ಬೊಂತೆನ್ ಎಂಬ ಹೆಸರಿನಲ್ಲಿ ನಮ್ಮ ಬ್ರಹ್ಮ, ತೈಶಾಕು ಎಂಬ ಹೆಸರಿನಲ್ಲಿ ಇಂದ್ರ, ಕೊಳಲೂದುತ್ತಿರುವ ಗರುಡ, ನಾಗರಾಜರು! ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲಿಗೆ ಕೈಮುಗಿದು ಬೆಳೆದವನಿಗೆ, ಬೌದ್ಧಧರ್ಮದೊಡನೆ ಸಮುದ್ರ ದಾಟಿಹೋದ ಬಂಧುಗಳನ್ನು ಕಂಡಂತಾಗುತ್ತದೆ.

ನಗರದ ಪೂರ್ವದ ಬೆಟ್ಟದ ಇಳಿಜಾರಿನಲ್ಲಿ ಕಿಯೋಮಿಜು ದೇವಾಲಯವಿದೆ. 1633ರಲ್ಲಿ ಮತ್ತೆ ಕಟ್ಟಿದ ಅದರ ಮುಖ್ಯ ಶಾಲೆಯ ಮುಂದೆ, ಹದಿಮೂರು ಮೀಟರ್ ಎತ್ತರದ ಮರದ ಜಗಲಿಯೊಂದು ಕಣಿವೆಯ ಮೇಲೆ ಚಾಚಿಕೊಂಡಿದೆ. ಹಿಂದುಮುಂದು ನೋಡದೆ ಕೆಲಸಕ್ಕೆ ಕೈಹಾಕುವವನನ್ನು ಜಪಾನೀಯರು 'ಕಿಯೋಮಿಜುವಿನ ಜಗಲಿಯಿಂದ ಧುಮುಕಿದವನು' ಎನ್ನುತ್ತಾರೆ. ಅಲ್ಲಿಂದ ಇಳಿದು ಬಂದರೆ ಗಿಯೋನ್ ಎಂಬ ಪೇಟೆ. ಆ ಹೆಸರು ಬುದ್ಧದೇವನು ತಂಗಿದ ಶ್ರಾವಸ್ತಿಯ ಜೇತವನದಿಂದ ಬಂದದ್ದು. 869ರಲ್ಲಿ ಪಿಡುಗೊಂದು ಹರಡಿದಾಗ ಅದರ ಶಾಂತಿಗಾಗಿ ಮೊದಲಾದ ಉತ್ಸವ ಗಿಯೋನ್ ಜಾತ್ರೆಯಾಗಿ ಪ್ರತಿ ಜುಲೈ ತಿಂಗಳಲ್ಲಿ ಇಂದಿಗೂ ನಡೆಯುತ್ತದೆ. ಮೊಳೆ ಹೊಡೆಯದೆ ಹಗ್ಗದಿಂದಲೇ ಬಿಗಿದ ತೇರುಗಳು ಬೀದಿಯಲ್ಲಿ ಸಾಗುತ್ತವೆ. ಅವುಗಳ ಮೈಗೆ ತೂಗುಹಾಕುವ ಹಳೆಯ ಜಮಖಾನೆಗಳಲ್ಲಿ ಕೆಲವು ನಮ್ಮ ದಖ್ಖನ್ನಿನಲ್ಲಿ ನೇಯ್ದು, ಡಚ್ಚರ ಹಡಗುಗಳ ಕಾಲದಲ್ಲಿ ಅಲ್ಲಿಗೆ ತಲಪಿದವು ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ನೇಯ್ದವರ ಊರು ಹೆಸರುಗಳು ಅಳಿಸಿಹೋಗಿವೆ. ನೇಯ್ಗೆ ಮಾತ್ರ ಆ ತೇರಿನ ಮೇಲೆ ಉಳಿದಿದೆ.

ಆದರೆ ದೊಡ್ಡಬಳ್ಳಾಪುರದ ಸೀಮೆಯವನು ತಪ್ಪದೆ ನೋಡಬೇಕಾದ ಸ್ಥಳ ಕೈಪಿಡಿಗಳ ಮೊದಲ ಪುಟದಲ್ಲಿ ಇರುವುದಿಲ್ಲ. ಅದು ನಿಶಿಜಿನ್, ನೇಕಾರರ ಕೇರಿ. ಓನಿನ್ ಯುದ್ಧದಲ್ಲಿ ಪಶ್ಚಿಮದ ಸೇನೆ ಬೀಡುಬಿಟ್ಟ ಜಾಗವಾದುದರಿಂದ ಅದಕ್ಕೆ ಪಶ್ಚಿಮದ ಪಾಳೆಯ ಎಂಬರ್ಥದ ಆ ಹೆಸರು. ಯುದ್ಧ ಮುಗಿದ ಮೇಲೆ ಚದುರಿಹೋದ ನೇಕಾರರು ಹಿಂತಿರುಗಿ ಅಲ್ಲಿ ಮಗ್ಗ ಹೂಡಿದರು. ಅರಮನೆಯ ಉಡುಪು, ದೇವಾಲಯದ ಪರದೆ, ಹೆಣ್ಣುಮಕ್ಕಳ ನಡುಪಟ್ಟಿ ಎಲ್ಲವೂ ಆ ಕೇರಿಯಿಂದ ಬಂದುವು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೊರಟುಹೋದಾಗ ಆಸ್ಥಾನವೇ ಕೊಳ್ಳುಗನಾಗಿದ್ದ ಈ ಮಗ್ಗಗಳ ಗತಿಯೇನು? ನಗರವೇ ಹಾಳು ಬೀಳುವ ಸ್ಥಿತಿ ಬಂದಿತು.

ಕ್ಯೋಟೋ ಆಗ ಹಳೆಯ ವೈಭವವನ್ನು ನೆನೆದು ಅಳುತ್ತ ಕೂಡಲಿಲ್ಲ. 1870ರ ದಶಕದ ಆರಂಭದಲ್ಲಿ ನಿಶಿಜಿನ್ನಿನ ಮೂವರನ್ನು ಫ್ರಾನ್ಸಿನ ಲಿಯಾನ್ ನಗರಕ್ಕೆ ಕಳುಹಿಸಿ ಜಕಾರ್ಡ್ ಮಗ್ಗವನ್ನು ತರಿಸಿದರು. ಹಿಂತಿರುಗುವಾಗ ಅವರಲ್ಲೊಬ್ಬನು 1874ರಲ್ಲಿ ಹಡಗು ಒಡೆದು, ತಾಯ್ನಾಡಿನ ಕರಾವಳಿಯ ಬಳಿಯಲ್ಲಿಯೇ ಪ್ರಾಣ ಬಿಟ್ಟನು. ನಮ್ಮ ಮಗ್ಗಗಳ ನೆತ್ತಿಯ ಮೇಲೂ ಇರುವ ಆ ಜಕಾರ್ಡಿಗೆ ಅಲ್ಲಿ ಅಂತಹ ಬೆಲೆ ತೆತ್ತಿದ್ದಾರೆ. ಬೀವಾ ಸರೋವರದಿಂದ ಬೆಟ್ಟ ಕೊರೆದು 1890ರಲ್ಲಿ ಕಾಲುವೆ ತಂದರು. ಅದರ ಮುಖ್ಯ ಎಂಜಿನಿಯರ್ ತನಾಬೆ ಸಕುರೋ, ಇಪ್ಪತ್ತರ ಹರೆಯದ ತರುಣ. ಆ ನೀರಿನಿಂದ 1891ರಲ್ಲಿ ಕೆಆಗೆಯಲ್ಲಿ ವಿದ್ಯುತ್ತು ಹುಟ್ಟಿತು. ನಮ್ಮ ಶಿವನಸಮುದ್ರಕ್ಕೆ ಹನ್ನೊಂದು ವರ್ಷ ಮೊದಲು. 1895ರಲ್ಲಿ ಜಪಾನಿನ ಮೊದಲ ವಿದ್ಯುತ್ ಟ್ರಾಂ ಓಡಿದುದೂ ಆ ಪುರಾತನ ನಗರದಲ್ಲಿಯೇ. ನಾನ್‌ಜೆನ್‌ಜಿ ದೇವಾಲಯದ ಆವರಣದಲ್ಲಿ ಕಾಲುವೆಯನ್ನು ಹೊತ್ತು ನಿಂತ ಇಟ್ಟಿಗೆಯ ಕಮಾನುಗಳು ಈಗ ಅಲ್ಲಿಯ ಪ್ರೇಕ್ಷಣೀಯ ಸ್ಥಳಗಳಲ್ಲೊಂದು.

ಇಷ್ಟೆಲ್ಲವೂ ಒಂದು ಕ್ಷಣದಲ್ಲಿ ಇಲ್ಲವಾಗಬಹುದಿತ್ತು. 1945ರಲ್ಲಿ ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಕ್ಯೋಟೋ ಇತ್ತು. ಹಿಂದೊಮ್ಮೆ ಆ ನಗರವನ್ನು ಕಂಡಿದ್ದ ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಹಟ ಹಿಡಿದು ಅದನ್ನು ತೆಗೆಸಿದರು. ಪಟ್ಟಿಗೆ ಬಳಿಕ ಸೇರಿದ ಊರು ನಾಗಸಾಕಿ. ಕ್ಯೋಟೋದ ಸೌಂದರ್ಯವನ್ನು ನೋಡಿ ಹಿಗ್ಗುವವನು ಆ ಇನ್ನೊಂದು ಊರನ್ನು ಮರೆಯುವಂತಿಲ್ಲ.

ಇಂದು ನಿಶಿಜಿನ್ನಿನಲ್ಲಿ ಮಗ್ಗದ ಸದ್ದು ಇಳಿದಿದೆ. ಕಿಮೋನೋ ಉಡುವವರು ಕಡಮೆಯಾದರು; ನೇಕಾರರಿಗೆ ವಯಸ್ಸಾಯಿತು; ಮಕ್ಕಳು ಬೇರೆ ಕಸುಬು ಹಿಡಿದರು. ದೊಡ್ಡಬಳ್ಳಾಪುರದಲ್ಲಿ ಬೆಳೆದವನಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೂಲಿನ ಬೆಲೆ ಏರಿದಾಗ, ಹೊರಗಿನ ಅಗ್ಗದ ಸೀರೆ ಸಂತೆಗೆ ಬಂದಾಗ, ಬೀದಿಯ ಯಾವ ಮನೆಯಲ್ಲಿ ಮಗ್ಗ ನಿಂತಿತೆಂಬುದು ಅವನ ಕಿವಿಗೇ ತಿಳಿಯುತ್ತದೆ.

ಭೋಗನಂದೀಶ್ವರನ ಗುಡಿಯನ್ನು ಕಟ್ಟಿದ ಶಿಲ್ಪಿಗಳ ವಿದ್ಯೆಯನ್ನು ನಾವು ಬಹುಮಟ್ಟಿಗೆ ಮರೆತೆವು. ಕಲ್ಲು ನಮ್ಮ ಮರೆವನ್ನು ಸಹಿಸಿಕೊಂಡು ನಿಂತಿದೆ. ಮರ ಅಷ್ಟು ಸಹಿಸದು. ಅದಕ್ಕೆ ತಲೆಮಾರಿಗೊಮ್ಮೆ ಬಲ್ಲ ಕೈಗಳು ಬೇಕು. ಬಟ್ಟೆಯಂತೂ ಉಟ್ಟಷ್ಟು ದಿನದ್ದು. ಸಾಸಲಿನಿಂದ ಹೊರಟ ಯಾತ್ರಿಕನು ಚಿನ್ನದ ಮಂಟಪವನ್ನು ಕಣ್ತುಂಬ ನೋಡಲಿ, ಅದು ನೋಡತಕ್ಕದ್ದೇ. ಬಳಿಕ ನಿಶಿಜಿನ್ನಿನ ಓಣಿಯಲ್ಲಿ ಅರ್ಧ ಗಂಟೆ ನಡೆದು, ಮುಚ್ಚಿದ ಬಾಗಿಲಿನ ಹಿಂದೆ ಎಲ್ಲಾದರೂ ಲಾಳಿ ಆಡುತ್ತಿದೆಯೇ ಎಂದು ಕಿವಿಗೊಡಲಿ. ಊರಿಗೆ ಮರಳಿ, ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಇಳಿದಾಗ, ಸಾಸಲಿನ ಬಸ್ಸು ಬರುವವರೆಗಿನ ಬಿಡುವಿನಲ್ಲಿ, ನೇಕಾರರ ಬೀದಿಯಲ್ಲಿಯೂ ಹಾಗೆಯೇ ಒಮ್ಮೆ ನಡೆದು ಬರಲಿ.