ಸೊಂಟದ ಕೀಲಿಗೆ ಯಾವ ದಾರಿ?

ವಿಜಯಪುರ ಜಿಲ್ಲೆಯ ಇಂಡಿಯಿಂದ ದೊಡ್ಡವ್ವ ಪುಣೆಗೆ ಬಂದದ್ದು ಬಲಗಾಲು ಎಳೆಯುತ್ತ. ಡಾಕ್ಟರು ಎಕ್ಸ್-ರೇ ದೀಪಕ್ಕೆ ಹಿಡಿದು, ಸೊಂಟದ ಕೀಲು ಪೂರ್ತಿ ಸವೆದಿದೆ, ಬದಲಿಸಬೇಕು ಎಂದರು. ಆಪರೇಷನ್ನಿಗೆ ದೊಡ್ಡವ್ವ ಹೆದರಲಿಲ್ಲ. ಗೊಂದಲಕ್ಕೆ ಬಿದ್ದವರು ನಾವು: ಕೀಲಿಗೆ ಸೊಂಟದ ಮುಂಭಾಗದಿಂದ ಇಳಿಯುವುದು ಒಳ್ಳೆಯದೋ, ಹಿಂಭಾಗದಿಂದಲೋ ಎಂದು. ಮೊಬೈಲಿನಲ್ಲಿ ಬಂದ ಒಂದು ವಿಡಿಯೋ ನೋಡಿ ಅಣ್ಣ ಹಟ ಹಿಡಿದ: "ಮುಂದಿನಿಂದ ಮಾಡಿದ್ರ ಸ್ನಾಯು ಕೊಯ್ಯೂದಿಲ್ಲಂತ. ಹಿಂದಿನಿಂದ ಮಾಡೋರ ಹಂತೇಕ ಹೋಗೂದೇ ಬ್ಯಾಡ."

ಪುಣೆಯಲ್ಲಿ ಎಲುಬಿನ ಆಸ್ಪತ್ರೆಗಳಿಗೆ ಬರಗಾಲವಿಲ್ಲ. ಶಿವಾಜಿನಗರದ ಸಂಚೇತಿ ಆಸ್ಪತ್ರೆ 1965ರಿಂದ ಇದೆ, ಸರ್ಕಾರಿ ಸಸೂನ್ ಇದೆ. ಗಡಿಯಾಚೆಯಿಂದ ಬಂದ ಕನ್ನಡದ ಕುಟುಂಬಗಳು ಈ ಊರಿನ ಕಾರಿಡಾರುಗಳಲ್ಲಿ ಕೂತು ಅಣ್ಣನ ಹಾಗೆಯೇ ವಾದಿಸುವುದನ್ನು ಅನೇಕ ಸಲ ಕೇಳಿದ್ದೇನೆ. ಹಾಗಾಗಿ ಒಂದೊಂದು ನಂಬಿಕೆಯನ್ನೂ ಬಿಡಿಸಿ ನೋಡಬೇಕೆನಿಸಿತು.

"ಮುಂದಿನ ದಾರಿ ಹೊಸದು, ಅದಕ್ಕೇ ಒಳ್ಳೆಯದು." ಹೊಸದೇನೂ ಅಲ್ಲ. ಜರ್ಮನಿಯ ಕಾರ್ಲ್ ಹ್ಯೂಟರ್ 19ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದ. 1917ರಲ್ಲಿ ಬೋಸ್ಟನ್ನಿನ ಸ್ಮಿತ್-ಪೀಟರ್ಸನ್ ಇದರ ಬಗ್ಗೆ ಬರೆದ, 1947ರಲ್ಲಿ ಪ್ಯಾರಿಸ್ಸಿನ ರೋಬೆರ್ ಜೂದೆ ಇದೇ ದಾರಿಯಿಂದ ಕೃತಕ ಕೀಲು ಕೂರಿಸಲು ತೊಡಗಿದ. ಹೊಸದೆಂದರೆ ಇದಕ್ಕಾಗಿ ಬಂದಿರುವ ಟೇಬಲ್ಲು, ಉಪಕರಣ ಮತ್ತು ಪ್ರಚಾರ.

ಸೊಂಟದ ಮುಂಭಾಗದಲ್ಲಿ, ಎರಡೂ ಪಕ್ಕ, ಬೆರಳಿಗೆ ಗಟ್ಟಿಯಾಗಿ ಸಿಗುವ ಎಲುಬಿನ ತುದಿಯಿದೆ. ಮುಂದಿನ ಗಾಯ ಅದರ ತುಸು ಕೆಳಗೆ, ಹೊರಗಡೆಗೆ ಶುರುವಾಗುತ್ತದೆ. ಅಲ್ಲಿ ಎರಡು ಸ್ನಾಯುಗಳ ನಡುವೆ ಸಹಜವಾದ ಸಂದು ಇರುವುದರಿಂದ, ಅವನ್ನು ಕತ್ತರಿಸದೆ ಸರಿಸಿಕೊಂಡು ಕೀಲಿಗೆ ಇಳಿಯಬಹುದು. ಇಷ್ಟು ಮಟ್ಟಿಗೆ ವಿಡಿಯೋ ಹೇಳಿದ್ದು ನಿಜ. ಹೇಳದೆ ಬಿಟ್ಟದ್ದು ಬೇರೆ. ಕೀಲಿನ ಸುತ್ತಲಿನ ಪೊರೆಯನ್ನು ಇಲ್ಲೂ ಕೊಯ್ಯಲೇಬೇಕು. ತೊಡೆಮೂಳೆಯನ್ನು ಮೇಲಕ್ಕೆತ್ತಲು ಹಿಂಭಾಗದ ಕೆಲವು ಹಿಡಿತಗಳನ್ನು ಬಿಡಿಸಬೇಕಾಗುವುದುಂಟು. ತೊಡೆಯ ಹೊರಮೈಗೆ ಸ್ಪರ್ಶ ಕೊಡುವ ಸಣ್ಣ ನರ ಅದೇ ದಾರಿಯಲ್ಲಿದೆ. ಅದಕ್ಕೆ ಪೆಟ್ಟಾದರೆ ತೊಡೆ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಕಾಯಂ. ಹೊಟ್ಟೆ ದಪ್ಪವಿದ್ದು ತೊಡೆಸಂದಿಯ ಮೇಲೆ ಮಡಿಕೆ ಬೀಳುವವರಿಗೆ ಗಾಯ ಒಣಗುವುದೂ ನಿಧಾನ. ಲಾಭವಿಲ್ಲವೆ? ಇದೆ. ಮೊದಲ ಕೆಲವು ವಾರ ನೋವು ಕಡಿಮೆ, ವಾಕರ್ ಬಿಡುವುದು ಬೇಗ. ಮೂರು ತಿಂಗಳು ದಾಟಿದ ಮೇಲೆ ಮುಂದಿನವರೂ ಹಿಂದಿನವರೂ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತಾರೆ.

"ಹಿಂದಿನಿಂದ ಮಾಡಿದರೆ ಕೀಲು ಜಾರುತ್ತದೆ." ಅಣ್ಣನ ದೊಡ್ಡ ಭಯ ಇದು. ಒಂದು ಕಾಲಕ್ಕೆ ಇದಕ್ಕೆ ಆಧಾರವೂ ಇತ್ತು. ಮಗ್ಗುಲಾಗಿ ಮಲಗಿದಾಗ ಹಾಸಿಗೆಗೆ ಒತ್ತುವ ಎಲುಬಿದೆಯಲ್ಲ, ಹಿಂದಿನ ಗಾಯ ಅದರ ಮೇಲಿಂದ ಪೃಷ್ಠದ ಕಡೆಗೆ ಬಾಗುತ್ತದೆ. ಕಾಲನ್ನು ಹೊರಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳನ್ನು ಎಲುಬಿನಿಂದ ಬಿಡಿಸಿ ಒಳಗೆ ಹೋಗುತ್ತಾರೆ. ಮೊದಲೆಲ್ಲ ಅವನ್ನು ಹಾಗೆಯೇ ಬಿಡುತ್ತಿದ್ದರು, ಜಾರುವುದು ಹೆಚ್ಚಿತ್ತು. ಈಗ ಪೊರೆಯನ್ನೂ ಆ ಸ್ನಾಯುಗಳನ್ನೂ ತಿರುಗಿ ಎಲುಬಿಗೆ ಹೊಲಿಯುತ್ತಾರೆ, ತೊಡೆಮೂಳೆಯ ತುದಿಗೆ ಮೊದಲಿಗಿಂತ ದೊಡ್ಡ ಗುಂಡು ಕೂರಿಸುತ್ತಾರೆ. ಜಾರುವ ಪ್ರಮಾಣ ನೂರಕ್ಕೆ ಒಂದೆರಡಕ್ಕೆ ಇಳಿದಿದೆ. ಕೀಲು ಪೂರ್ತಿ ಕಣ್ಣಿಗೆ ಬೀಳುವುದು ಈ ದಾರಿಯಲ್ಲೇ. ಹಳೆಯ ಮುರಿತ, ವಕ್ರವಾಗಿ ಕೂಡಿದ ಎಲುಬು, ಎರಡನೇ ಸಲದ ಆಪರೇಷನ್ ಇಂಥದ್ದಕ್ಕೆ ಅನೇಕ ಸರ್ಜನ್ನರು ಇದನ್ನೇ ನೆಚ್ಚಿಕೊಳ್ಳುತ್ತಾರೆ. ಕಾಲಿಗಿಳಿಯುವ ಸಯಾಟಿಕ್ ನರ ಹತ್ತಿರದಲ್ಲೇ ಇರುವುದರಿಂದ ಎಚ್ಚರ ಮಾತ್ರ ಬೇಕೇ ಬೇಕು.

ಪಕ್ಕದಿಂದ ಹೋಗುವ ಮೂರನೆಯ ದಾರಿಯೂ ಇದೆ. ಜಾರುವುದು ಅಲ್ಲಿ ಕಡಿಮೆ. ಆದರೆ ನಡೆಯುವಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವ ಸ್ನಾಯುವಿನ ಒಂದು ಭಾಗವನ್ನು ಬಿಡಿಸುವುದರಿಂದ, ಅದು ಸರಿಯಾಗಿ ಕೂಡದಿದ್ದರೆ ಕುಂಟು ಉಳಿಯುತ್ತದೆ.

"ಗಾಯ ಸಣ್ಣದಾದರೆ ಆಪರೇಷನ್ನೂ ಸಣ್ಣದು." ಚರ್ಮದ ಮೇಲಿನ ಗೆರೆ ಎಷ್ಟೇ ಉದ್ದವಿರಲಿ, ಒಳಗಿನ ಕೆಲಸ ಒಂದೇ. ಸವೆದ ಗುಂಡನ್ನು ಕೊಯ್ದು ತೆಗೆಯಬೇಕು, ಅದು ಕೂರುವ ಬಟ್ಟಲನ್ನು ಕೆರೆದು ಹೊಸ ಬಟ್ಟಲು ಕೂರಿಸಬೇಕು, ತೊಡೆಮೂಳೆಯೊಳಗೆ ಲೋಹದ ಕಾಂಡ ಇಳಿಸಬೇಕು, ಎರಡು ಕಾಲಿನ ಉದ್ದ ಸರಿಗೂಡಿಸಬೇಕು. ಬಟ್ಟಲಿನ ಓರೆ ತಪ್ಪಿದರೆ ಯಾವ ದಾರಿಯಿಂದ ಹೋದರೂ ಕೀಲು ಜಾರೀತು.

"ಇದು ಮುದುಕರ ರೋಗ." ಈ ಮಾತು ಕೇಳಿದಾಗ ನನಗೆ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗುತ್ತದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಬೆಳಕಿಗೆ ಬಂದ ಕಾಯಿಲೆ ದುಡಿಯುವ ವಯಸ್ಸಿನ ಕೂಲಿಕಾರರ ಸೊಂಟದ ಕೀಲನ್ನೇ ತಿಂದುಹಾಕಿತ್ತು. ಕೆಲವರು ಕೈಯೂರಿ ತೆವಳುವಂತಾಗಿತ್ತು. ಅದು ವಂಶವಾಹಿಯ ಮೂಲಕ ಬರುವ ಕಾಯಿಲೆ. ಅದನ್ನು ಬಿಟ್ಟರೂ, ಸ್ಟೀರಾಯ್ಡ್ ಔಷಧಿ, ಕುಡಿತ, ಅಪಘಾತಗಳಿಂದ ತೊಡೆಮೂಳೆಯ ಗುಂಡಿಗೆ ರಕ್ತ ಹರಿಯುವುದು ನಿಂತು ಎಲುಬು ಸಾಯುವುದು ನಮ್ಮಲ್ಲಿ ಮೂವತ್ತು-ನಲವತ್ತರ ವಯಸ್ಸಿನವರಿಗೂ ಬರುತ್ತದೆ. ಹತ್ತು ವರ್ಷಕ್ಕೆ ಕೃತಕ ಕೀಲು ಹಾಳಾಗುತ್ತದೆಂದು ಅವರು ನೋವು ನುಂಗಿಕೊಂಡು ಕಾಯುವುದು ನೋಡಿದರೆ ಸಂಕಟವಾಗುತ್ತದೆ. ಹಲವು ದೇಶಗಳ ದಾಖಲೆ ಕೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಕೃತಕ ಸೊಂಟದ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಇಪ್ಪತ್ತೈದು ವರ್ಷ ಬಾಳುತ್ತವೆ.

ನಮ್ಮ ಡಾಕ್ಟರು ಪ್ಲಾಸ್ಟಿಕ್ಕಿನ ಎಲುಬು ಕೈಗೆತ್ತಿಕೊಂಡು, ಹಿಂದಿನಿಂದ ಬೆರಳು ಇಳಿಸಿ ತೋರಿಸಿದರು. ತಾವು ಮಾಡುವುದು ಹೀಗೇ, ವರ್ಷಗಳಿಂದ ಕೈ ಪಳಗಿರುವುದು ಇದರಲ್ಲೇ ಎಂದರು. ಮುಂದಿನ ದಾರಿ ಕೈಗೂಡಲು 50ರಿಂದ 100 ಆಪರೇಷನ್ ಬೇಕಾಗುತ್ತದೆ, ನಿಮ್ಮ ದೊಡ್ಡವ್ವನ ಮೇಲೆ ಕಲಿಯಲಾರೆ ಎಂದೂ ಅಂದರು. ಅಣ್ಣ ಮರುಮಾತಾಡಲಿಲ್ಲ. "ಯಾವ ದಾರಿ ಒಳ್ಳೆಯದು?" ಎನ್ನುವುದಕ್ಕಿಂತ "ನೀವು ಯಾವ ದಾರಿಯಲ್ಲಿ ಹೆಚ್ಚು ಮಾಡಿದ್ದೀರಿ, ನನ್ನ ಎಲುಬಿಗೆ ಅದು ಯಾಕೆ ಸರಿ?" ಎಂದು ಕೇಳಬೇಕಿತ್ತು ಎಂದು ನನಗೆ ಹೊಳೆದದ್ದು ಆಗ.

ದೊಡ್ಡವ್ವನ ಪ್ರಶ್ನೆ ಬೇರೆಯೇ ಇತ್ತು. "ನೆಲದ ಮ್ಯಾಲ ಕುಂತು ರೊಟ್ಟಿ ಬಡಿಯಾಕ ಬರ್ತದೇನ್ರಿ?" ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಡಾಕ್ಟರು ವಿವರಿಸಿದರು: ಹಿಂದಿನ ದಾರಿಯವರು ಮೊದಲ ಆರರಿಂದ ಹನ್ನೆರಡು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಮುಂದಿನ ದಾರಿಯವರಿಗಾದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದೇ ಅಪಾಯ. ಆಮೇಲೆ ನೆಲಕ್ಕೆ ಕೂರುವುದು ಒಬ್ಬೊಬ್ಬರ ಕೀಲು ನೋಡಿ ಹೇಳಬೇಕಾದ ಮಾತು. ನಿಮಗಂತೂ ಕಮೋಡ್, ಕುರ್ಚಿ ಕಾಯಂ ಇರಲಿ ಎಂದರು.

ಆಪರೇಷನ್ನಿನ ಮರುದಿನ ಬೆಳಿಗ್ಗೆಯೇ ದೊಡ್ಡವ್ವನನ್ನು ವಾಕರ್ ಹಿಡಿಸಿ ನಿಲ್ಲಿಸಿದರು. ಮೂರು ತಿಂಗಳಿಗೆ ಇಂಡಿಯಲ್ಲಿ ಅಣ್ಣ ಅಡುಗೆಮನೆಯ ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಿದ. ದೊಡ್ಡವ್ವ ಈಗ ನಿಂತುಕೊಂಡೇ ರೊಟ್ಟಿ ಬಡಿಯುತ್ತಾಳೆ.